ಕಚ್ಚುವ ಇಲಿಗೆ ಒಂದು ಚಮಚ ಮೊಸರು

ಹರಿಹರದಿಂದ ಅಕ್ಕ ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ದಾವಣಗೆರೆಯ ನನ್ನ ಔಷಧ ಅಂಗಡಿಯ ಶಟರ್ ಅರ್ಧ ಇಳಿಸಿದ್ದೆ. ‘ನಿನ್ನ ಅಳಿಯನ ಬೆರಳು ಕಚ್ಚೈತಿ ನೋಡೋ ಆ ಇಲಿ. ಇದು ಮೂರನೇ ಸಲ. ನಾಳೆ ಹೊಳೆ ಕಡೆ ಬಿಟ್ಟು ಬರ್ತೀನಿ ಅಂತ ನಿಮ್ಮ ಭಾವ ಕುಂತಾರ’ ಎಂದಳು. ಹಿಂದಿನಿಂದ ಹುಡುಗನ ಅಳು ಕೇಳಿಸುತ್ತಿತ್ತು: ‘ಬ್ಯಾಡ ಅಂತ ಹೇಳು ಮಾಮ.’

ಮೊದಲು ಬೆರಳಿನ ಮಾತು. ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಹದಿನೈದು ನಿಮಿಷ ತೊಳೆಯಲು ಹೇಳಿದೆ. ಅರಿಸಿನ, ಕಾಫಿಪುಡಿ ಏನನ್ನೂ ಮೆತ್ತಬೇಡ ಎಂದೆ. ಬೆಳಿಗ್ಗೆ ವೈದ್ಯರಿಗೆ ತೋರಿಸಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಮನೆಯೊಳಗೇ ಬೆಳೆದ ಸಾಕು ಇಲಿಯಿಂದ ರೇಬೀಸ್ ಬರುವುದು ತೀರಾ ಅಪರೂಪ. ಆದರೂ ಆ ತೀರ್ಮಾನವನ್ನು ವೈದ್ಯರಿಗೇ ಬಿಡಬೇಕು, ಔಷಧ ಅಂಗಡಿಯವನಿಗಲ್ಲ. ನಾವು ಹೆಚ್ಚು ಗಮನ ಇಡಬೇಕಾದ್ದು ಇಲಿ ಕಡಿತದ ಜ್ವರದ ಮೇಲೆ. ಇಲಿಯ ಬಾಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾದಿಂದ ಬರುವ ಈ ಜ್ವರ ಸಾಮಾನ್ಯವಾಗಿ ಮೂರರಿಂದ ಹತ್ತು ದಿನದೊಳಗೆ ಚಳಿ, ಕೀಲುನೋವು, ಮೈಮೇಲೆ ಕೆಂಪು ಗುಳ್ಳೆಗಳೊಂದಿಗೆ ಕಾಣಿಸಿಕೊಳ್ಳುತ್ತದೆ. ಪೆನ್ಸಿಲಿನ್‌ಗೆ ಬಗ್ಗುತ್ತದೆ. ಗಾಯ ಮಾಯ್ದಿದ್ದರೂ ಜ್ವರ ಬಂದರೆ ‘ಇಲಿ ಕಚ್ಚಿತ್ತು’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಗದ್ದೆಯ ನೀರಿನಲ್ಲಿ, ಇಲಿಯ ಮೂತ್ರದಿಂದ ಹರಡುವ ‘ಇಲಿ ಜ್ವರ’ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಅಂಗಡಿಗೆ ಬರುವವರನ್ನು ನಾನು ಎಷ್ಟೋ ನೋಡಿದ್ದೇನೆ.

ಮರುದಿನ ಭಾನುವಾರ. ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರ ಅರ್ಧ ಗಂಟೆಯ ದಾರಿ. ಹೋಗಿ ನೋಡಿದರೆ ಪಂಜರ ಅಡುಗೆಮನೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು. ಈ ಕಡೆ ಮಿಕ್ಸಿ, ಆ ಕಡೆ ಟಿವಿ, ಎದುರಿಗೆ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಬೆಕ್ಕು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಮಾತನ್ನು ಅಷ್ಟು ಹತ್ತಿರದಿಂದ ನಾನು ಕಂಡದ್ದು ಅದೇ ಮೊದಲು. ಅಪ್ಪಟ ಬಿಳಿ ಗಂಡು ಇಲಿ, ಕೆಂಪು ಕಣ್ಣು, ಐದು ತಿಂಗಳಿನದು. ಹುಡುಗ ಅದಕ್ಕೆ ಬೆಣ್ಣೆ ಎಂದು ಹೆಸರಿಟ್ಟಿದ್ದ. ದಾವಣಗೆರೆಯಿಂದ ತಂದದ್ದಲ್ಲವೇ, ಅದಕ್ಕೆ. ನಾನು ಹತ್ತಿರ ಹೋದೊಡನೆ ಬೆಣ್ಣೆ ಮೈಯ ರೋಮವನ್ನೆಲ್ಲ ನಿಗುರಿಸಿ ಎರಡರಷ್ಟಾಯಿತು. ಬೆನ್ನು ಗೂನು ಮಾಡಿ, ಮೈಯನ್ನು ಅಡ್ಡ ತಿರುಗಿಸಿ ಏಡಿಯಂತೆ ಪಕ್ಕಪಕ್ಕಕ್ಕೆ ಸರಿಯಿತು. ಬಾಲ ನೆಲದ ಮೇಲೆ ಹಾವಿನಂತೆ ಆಡುತ್ತಿತ್ತು. ‘ನೋಡು, ಹೆಂಗ್ ಸಿಟ್ಟು ಮಾಡ್ತೈತಿ’ ಎಂದ ಅಳಿಯ. ನನಗೆ ಅದರಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು ಕಂಡಿತು.

ನಾನು ಫಾರ್ಮಸಿ ಓದಿದವನು. ಕಾಲೇಜಿನ ಪ್ರಾಣಿಗಳ ಕೋಣೆಯಲ್ಲಿ ಇಂಥ ಬಿಳಿ ಇಲಿಗಳನ್ನು ಹಿಡಿದು ಕಲಿತವನು. ಅಲ್ಲಿ ಅವುಗಳ ಚಾಕರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ನಮ್ಮ ಪಠ್ಯದಲ್ಲಿ ಇಲ್ಲದ ಪಾಠವನ್ನು ಅವರು ಹೇಳಿಕೊಟ್ಟರು. ಗೂಡಿನ ಮುಚ್ಚಳ ತೆಗೆಯುವ ಮೊದಲು ಸಣ್ಣ ದನಿಯಲ್ಲಿ ಏನಾದರೂ ಮಾತಾಡುತ್ತಿದ್ದರು. ‘ಕೈ ಬರೋ ಮುಂಚೆ ದನಿ ಬರ್ಬೇಕು ತಮ್ಮಾ’ ಎನ್ನುತ್ತಿದ್ದರು. ನಮ್ಮನ್ನು ಕಚ್ಚಿದ ಇಲಿಗಳು ಅವರ ಅಂಗೈಯಲ್ಲಿ ಮುದುಡಿ ಕೂರುತ್ತಿದ್ದವು.

ಫಾರ್ಮಸಿ, ವೈದ್ಯಕೀಯ ಓದಿದ ಯಾರಿಗೂ ವಿಸ್ಟಾರ್ ಎಂಬ ಹೆಸರು ಹೊಸದಲ್ಲ. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಬೆಳೆಸಿದ ಬಿಳಿ ಇಲಿಗಳ ವಂಶ ಅದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಲಿ ಹಿಡಿಯುವವರು ಬಣ್ಣದ, ಬಿಳಿಯ ಮರಿಗಳನ್ನು ಕೊಲ್ಲದೆ ಉಳಿಸಿ ಸಾಕತೊಡಗಿದರು. ವಿಕ್ಟೋರಿಯಾ ರಾಣಿಯ ಇಲಿಗಾರ ಎಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಅವರಲ್ಲಿ ಹೆಸರುವಾಸಿ. ಅಂಗಡಿಯ ಬಿಳಿ ಇಲಿ, ಪ್ರಯೋಗಾಲಯದ ಬಿಳಿ ಇಲಿ ಎರಡೂ ರ‍್ಯಾಟಸ್ ನಾರ್ವೆಜಿಕಸ್ ಎಂಬ ಒಂದೇ ಜಾತಿಯ ಸಾಕು ಸಂತತಿ. ನಮ್ಮ ಮಂಡಕ್ಕಿ ಭಟ್ಟಿಯವರು, ಅಕ್ಕಿ ಗಿರಣಿಯವರು ವರ್ಷವಿಡೀ ಗುದ್ದಾಡುವ ಕರಿ ಇಲಿ, ಹೆಗ್ಗಣಗಳೇ ಬೇರೆ. ಬೋನಿಗೆ ಬಿದ್ದ ಗೋದಾಮಿನ ಇಲಿಯನ್ನು ಸಾಕಿಬಿಡೋಣ ಎಂದು ಯಾರೂ ಹೊರಡಬಾರದು. ಅದು ಇಲಿಗೂ ಹಿಂಸೆ, ನಮಗೂ ಅಪಾಯ.

ಇಲಿ ಎಂದರೆ ನಮ್ಮ ಹಿರಿಯರಿಗೆ ಇರುವ ಭಯಕ್ಕೂ ಕಾರಣವಿದೆ. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ಇದೇ ಹರಿಹರದ ಹಳಿಗುಂಟ. ಊರಲ್ಲಿ ಇಲಿ ಬಿದ್ದರೆ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕುತ್ತಿದ್ದ ಕಾಲದ ನೆನಪು ಮನೆಮನೆಯಲ್ಲೂ ಇತ್ತು. ಗಣಪತಿಯ ವಾಹನ ಎಂದು ಕೈ ಮುಗಿಯುವ ಅಕ್ಕನೇ ‘ಮನೇಲಿ ಇಲಿ ಇಟ್ಕೊಂಡೀರಿ’ ಎಂದು ನೆರೆಯವರು ಅಂದದ್ದಕ್ಕೆ ನೊಂದಿದ್ದಳು. ಅವಳ ಆ ಸಂಕಟವನ್ನೂ ನಾವು ಹಗುರಾಗಿ ಕಾಣಬಾರದು.

ಬೆಣ್ಣೆ ಯಾಕೆ ಕಚ್ಚುತ್ತಿತ್ತು? ಅಳಿಯನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆ. ದಿನವೂ ಹೇಗೆ ತಿನ್ನಿಸುತ್ತೀ? ಕಂಬಿಯ ಸಂದಿಯಿಂದ ಮಂಡಕ್ಕಿ, ಶೇಂಗಾ ತೂರಿಸುತ್ತಾನಂತೆ. ಹಾಗಾದರೆ ಕಂಬಿಯಾಚೆಯಿಂದ ಬಂದದ್ದೆಲ್ಲ ತಿನ್ನುವ ವಸ್ತು ಎಂದು ಅದಕ್ಕೆ ಪಾಠ ಮಾಡಿದವನು ಅವನೇ. ಬಿಳಿ ಇಲಿಗೆ ಕಣ್ಣು ಬಹಳ ಮಂದ. ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತ ದೂರ ಅಂದಾಜು ಮಾಡುತ್ತದೆ. ಅದರ ಲೋಕವೆಲ್ಲ ಮೂಗು, ಮೀಸೆ, ಕಿವಿಗಳಲ್ಲಿದೆ. ಎಣ್ಣೆ, ಖಾರ ಹತ್ತಿದ ಬೆರಳು ಬಂದರೆ ಅದು ಬೆರಳೋ ತಿಂಡಿಯೋ ಎಂದು ನೋಡಲು ಇರುವ ಸಾಧನ ಹಲ್ಲೊಂದೇ. ಹೇಗೆ ಎತ್ತುತ್ತೀ? ಇಲಿ ಮಾರಿದ ಅಂಗಡಿಯವನು ತೋರಿಸಿದಂತೆ ಬಾಲ ಹಿಡಿದು. ಇದು ತಪ್ಪುಗಳಲ್ಲೇ ದೊಡ್ಡ ತಪ್ಪು. ಬಾಲದ ತುದಿ ಹಿಡಿದು ಎತ್ತಿದಾಗ ಇಲಿ ಒದ್ದಾಡಿದರೆ ಚರ್ಮ ಒರೆಯಂತೆ ಕಳಚಿ ಬರಬಹುದು. ಅದು ಮತ್ತೆ ಬೆಳೆಯುವುದಿಲ್ಲ. ಮೇಲಿನಿಂದ ಬಂದು ಬಾಲ ಹಿಡಿಯುವ ಕೈ ಇಲಿಯ ಪಾಲಿಗೆ ಹದ್ದು.

ಪಂಜರದ ಜಾಗವೂ ತಪ್ಪು. ನಮ್ಮ ಕಿವಿ ಕೇಳುವುದು ಸುಮಾರು 20 ಕಿಲೊಹರ್ಟ್ಸ್‌ವರೆಗೆ, ಇಲಿಯದು ಅದರ ಮೂರು ನಾಲ್ಕು ಪಟ್ಟು. ಮಿಕ್ಸಿ, ಟಿವಿ, ಬೀಗದ ಕೈಗೊಂಚಲುಗಳಿಂದ ನಮಗೆ ಕೇಳದ ಚೀರಾಟವೂ ಅದಕ್ಕೆ ಕೇಳುತ್ತದೆ. ಇಲಿಗಳು ತಮ್ಮಲ್ಲಿ ಮಾತಾಡುವುದೂ ಈ ಎತ್ತರದ ದನಿಯಲ್ಲೇ. ಭಯಪಟ್ಟಾಗ 22 ಕಿಲೊಹರ್ಟ್ಸ್ ಆಸುಪಾಸಿನ ಉದ್ದನೆಯ ಕೂಗು, ಖುಷಿಯಾದಾಗ 50ರ ಆಸುಪಾಸಿನ ಚಿಲಿಪಿಲಿ. ಅಮೆರಿಕದ ಜಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ ಇಲಿಮರಿಗಳಿಗೆ ಕಚಗುಳಿ ಇಟ್ಟು ಈ ಚಿಲಿಪಿಲಿಯನ್ನು ದಾಖಲಿಸಿದರು. ಕಚಗುಳಿ ಇಟ್ಟ ಕೈಯನ್ನೇ ಮರಿಗಳು ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತಿದ್ದವು.

ಇನ್ನು ಮೂರು ಸಂಗತಿಗಳು ಬೆಣ್ಣೆಯ ಕೈಯಲ್ಲೂ ಇರಲಿಲ್ಲ. ಗಂಡು ಇಲಿಗೆ ಐದಾರು ತಿಂಗಳಲ್ಲಿ ಹರೆಯದ ಹಾರ್ಮೋನು ಉಕ್ಕುತ್ತದೆ, ಪಂಜರ ತನ್ನ ಸೀಮೆ ಎಂಬ ಹಟ ಹುಟ್ಟುತ್ತದೆ. ಇಲಿ ಗುಂಪಿನಲ್ಲಿ ಬಾಳುವ ಜೀವ, ಇದಕ್ಕೆ ಜೊತೆಯಿಲ್ಲ. ಮತ್ತೆ ಬೇಸಿಗೆ. ಬೆವರಲಾರದ ಈ ಪ್ರಾಣಿ ಮೈಯ ಬಿಸಿಯನ್ನು ಬಾಲದ ಮೂಲಕ ಹೊರಹಾಕುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕದ ತಂತಿ ಪಂಜರ ಬಾಣಲೆಯಂತೆ ಕಾಯುತ್ತದೆ.

ಹಾಗೆಂದು ಎಲ್ಲಕ್ಕೂ ಹೆದರಿಕೆಯೇ ಕಾರಣ ಎಂದು ತೀರ್ಮಾನಿಸಿ ಕೂರಬಾರದು. ಮೊದಲು ಪಶುವೈದ್ಯರಿಗೆ ತೋರಿಸಬೇಕು. ನಿನ್ನೆಯವರೆಗೆ ಸಾಧುವಾಗಿದ್ದ ಇಲಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಎಲ್ಲೋ ನೋವಿದೆ ಎಂದೇ ತಿಳಿಯಬೇಕು. ಕಿವಿಯ ಸೋಂಕು, ಗಡ್ಡೆ, ವಕ್ರವಾಗಿ ಬೆಳೆದ ಬಾಚಿಹಲ್ಲು, ಶ್ವಾಸಕೋಶದ ಕಾಯಿಲೆ ಯಾವುದೂ ಇರಬಹುದು. ಇಲಿಯ ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಸರಿಯಾಗಿ ಸವೆಯದೆ ಉದ್ದವಾದರೆ ಬಾಯಿಯೇ ಗಾಯವಾಗುತ್ತದೆ. ಕಣ್ಣು ಮೂಗಿನ ಸುತ್ತ ಕೆಂಪು ಕಂಡರೆ ರಕ್ತ ಎಂದು ಗಾಬರಿಯಾಗುವವರಿದ್ದಾರೆ. ಅದು ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣದ ಸ್ರಾವ. ರಕ್ತವಲ್ಲದಿದ್ದರೂ ಇಲಿ ಕಾಯಿಲೆಯಲ್ಲೋ ಒತ್ತಡದಲ್ಲೋ ಇದೆ ಎಂಬುದಕ್ಕೆ ಗುರುತು. ಬೆಣ್ಣೆಗೆ ಅಂಥದ್ದೇನೂ ಇರಲಿಲ್ಲ. ಹಾಸಿಗೆಯ ಮರದ ಹೊಟ್ಟು ಮಾತ್ರ ಮೂತ್ರದಲ್ಲಿ ನೆನೆದು ಅಮೋನಿಯಾ ನಾತ ಹೊಡೆಯುತ್ತಿತ್ತು. ಅದನ್ನು ತೆಗೆದು ಹಳೆಯ ಹತ್ತಿಬಟ್ಟೆ ಹಾಸಿದೆವು, ಪಂಜರವನ್ನು ಒಳಕೋಣೆಯ ತಂಪಾದ ಮೂಲೆಗೆ ಒಯ್ದೆವು, ಅಡಗಲು ಒಂದು ಮಣ್ಣಿನ ಕುಡಿಕೆ ಅಡ್ಡ ಮಲಗಿಸಿಟ್ಟೆವು.

ಮೊದಲ ಮೂರು ದಿನ ಯಾರೂ ಕೈ ಹಾಕಕೂಡದು ಎಂದು ಹುಡುಗನಿಗೆ ಹೇಳಿದೆ. ಪಕ್ಕದಲ್ಲಿ ಕೂತು ಪಾಠ ಓದು, ಗಟ್ಟಿಯಾಗಿ ಬೇಡ, ಮೆಲ್ಲಗೆ. ಅಕ್ಕ ಉಟ್ಟು ಬಿಟ್ಟ, ಒಗೆಯದ ಸೀರೆಯ ಒಂದು ತುಂಡನ್ನು ಪಂಜರದೊಳಗೆ ಇಡಿಸಿದೆ. ‘ನಂದ್ಯಾಕೆ?’ ಎಂದಳು. ಕಾರಣವಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೋಗಿಲ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಲಿಗಳು ಗಂಡಸರ ವಾಸನೆಗೇ ಒತ್ತಡಕ್ಕೆ ಒಳಗಾಗುತ್ತವೆ. ಗಂಡಸು ಎದುರಿಗಿರಬೇಕಿಲ್ಲ, ಅವನು ಹಿಂದಿನ ರಾತ್ರಿ ತೊಟ್ಟ ಅಂಗಿ ಹತ್ತಿರವಿದ್ದರೂ ಸಾಕು. ಹೆಂಗಸರಿಂದ ಆ ಒತ್ತಡ ಕಾಣಲಿಲ್ಲ. ಸಮಯ ಕಳೆದಂತೆ ಗಂಡಸಿನ ವಾಸನೆಯ ಭಯವೂ ಇಳಿಯುತ್ತದೆ. ಅದಕ್ಕೇ ಮೊದಲು ಅಕ್ಕನ ಸೀರೆ, ನಾಲ್ಕು ದಿನ ಬಿಟ್ಟು ಹುಡುಗನ ಬನಿಯನ್. ಮೂರನೇ ದಿನ ಫೋನ್ ಬಂತು: ‘ಸೀರೆ ತುಂಡನ್ನ ಕುಡಿಕೆ ಒಳಗೆ ಎಳ್ಕೊಂಡು ಅದರ ಮ್ಯಾಲೇ ಮಲಗೈತಿ ಮಾಮ!’

ಆಮೇಲೆ ಮೊಸರು. ಉದ್ದ ಹಿಡಿಯ ಸ್ಟೀಲ್ ಚಮಚದ ತುದಿಗೆ ಒಂದಿಷ್ಟು ಗಟ್ಟಿ ಮೊಸರು ಹಚ್ಚಿ, ಪಂಜರದ ಬಾಗಿಲು ತೆರೆದು ಹಿಡಿಯಬೇಕು. ಶೇಂಗಾ ಕೊಟ್ಟರೆ ಇಲಿ ಕಿತ್ತುಕೊಂಡು ಮೂಲೆಗೆ ಓಡುತ್ತದೆ, ಮೊಸರನ್ನು ಕಿತ್ತುಕೊಳ್ಳಲು ಬರುವುದಿಲ್ಲ. ನಿಂತು ನೆಕ್ಕಲೇಬೇಕು. ನೆಕ್ಕುವಷ್ಟು ಹೊತ್ತು ನಮ್ಮ ಕೈಯ ವಾಸನೆ ಮೂಗಿಗೆ ಬಡಿಯುತ್ತಲೇ ಇರುತ್ತದೆ, ಕೇಡೇನೂ ಆಗುವುದಿಲ್ಲ. ಮೊದಲ ದಿನ ಬೆಣ್ಣೆ ಚಮಚವನ್ನೇ ಕಟ್ಟೆಂದು ಕಚ್ಚಿತು. ಸ್ಟೀಲಿಗೆ ಹಲ್ಲು ತಾಗಿದ ಸದ್ದು ಇನ್ನೂ ಕಿವಿಯಲ್ಲಿದೆ. ಅಳಿಯ ಹೆದರಿ ಚಮಚ ಎಳೆದುಕೊಳ್ಳಹೋದ, ನಾನು ಅವನ ಮೊಣಕೈ ಹಿಡಿದು ನಿಲ್ಲಿಸಿದೆ. ಕಚ್ಚಿದ ಕೂಡಲೇ ಕೈ ಹಿಂದಕ್ಕೆ ಹೋದರೆ, ಕಚ್ಚಿದರೆ ಕೈ ಹೋಗುತ್ತದೆ ಎಂದು ಅದು ಕಲಿಯುತ್ತದೆ. ಚಮಚ ಅಲುಗಲಿಲ್ಲ. ಬೆಣ್ಣೆ ಎರಡು ಹೆಜ್ಜೆ ಹಿಂದೆ ಸರಿದು, ಮೂಗು ಮೇಲೆತ್ತಿ, ಮೀಸೆ ಆಡಿಸುತ್ತ ನಿಂತಿತು. ತುಟಿಗೆ ಹತ್ತಿದ ಮೊಸರನ್ನು ಮುಂಗೈಗಳಿಂದ ಒರೆಸಿಕೊಂಡು ನೆಕ್ಕಿತು. ಮತ್ತೆ ಬಂತು. ಈ ಸಲ ಹಲ್ಲು ಹಾಕಲಿಲ್ಲ.

ದಿನಕ್ಕೆ ಎರಡು ಸಲ, ಐದೈದು ನಿಮಿಷ. ಹತ್ತು ದಿನವಾದ ಮೇಲೆ ಚಮಚವನ್ನು ಗಿಡ್ಡಾಗಿ ಹಿಡಿಯುವುದು. ಅದಾದ ಮೇಲೆ ಕೈಯನ್ನು ಸೋಪಿನಿಂದ ತೊಳೆದು, ಮುಷ್ಟಿ ಕಟ್ಟಿ, ಮುಷ್ಟಿಯ ಹಿಂಬದಿಗೆ ಮೊಸರು ಹಚ್ಚಿ ಮುಂದಿಡುವುದು. ಚಾಚಿದ ಬೆರಳು ಕಚ್ಚಲು ಸುಲಭ, ಮುಷ್ಟಿಯ ಬೆನ್ನು ಹಲ್ಲಿಗೆ ಸಿಗುವುದಿಲ್ಲ.

ಆದರೆ ಪಂಜರದೊಳಗೆ ಸಾಧುವಾಗಲು ಬೆಣ್ಣೆ ಒಪ್ಪಲಿಲ್ಲ. ಅದು ಅದರ ಮನೆ. ತನ್ನ ಸೀಮೆಯಲ್ಲದ ಜಾಗ ಬೇಕಿತ್ತು. ಅಕ್ಕನ ಮನೆಯಲ್ಲಿ ಅದಕ್ಕೆ ಬಚ್ಚಲುಮನೆಯೇ ಸರಿಹೋಯಿತು. ನೆಲ ಒಣಗಿಸಿ, ನೀರು ಹೋಗುವ ತೂತಿಗೆ ಕಲ್ಲು ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿ, ನಾನೂ ಅಳಿಯನೂ ದಪ್ಪ ಪ್ಯಾಂಟು ಹಾಕಿಕೊಂಡು ಗೋಡೆಗೊರಗಿ ಕೂತೆವು. ಇಲಿಯನ್ನು ಕೈಯಲ್ಲಿ ಎತ್ತಿ ತರಲಿಲ್ಲ. ಒಂದು ಅಡಿ ಉದ್ದದ ಪಿವಿಸಿ ಪೈಪಿನ ತುಂಡನ್ನು ಪಂಜರದಲ್ಲಿ ಮೊದಲೇ ಇಟ್ಟಿದ್ದೆವು, ಅದು ಒಳಹೊಕ್ಕಾಗ ಎರಡೂ ತುದಿಗೆ ಅಂಗೈ ಮುಚ್ಚಿ ತಂದೆವು. ಇದು ನನ್ನ ಉಪಾಯವಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ಚಿಟ್ಟಿಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬಾಲ ಹಿಡಿದು ಎತ್ತಿದವು ಮನುಷ್ಯರಿಂದ ದೂರ ಓಡಿದವು, ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿದವು ತಾವಾಗಿ ಹತ್ತಿರ ಬಂದವು. ಈಗ ಅನೇಕ ಪ್ರಯೋಗಾಲಯಗಳು ಬಾಲ ಹಿಡಿಯುವುದನ್ನೇ ಬಿಟ್ಟಿವೆ.

ಬಚ್ಚಲಿನಲ್ಲಿ ನಾವು ಏನೂ ಮಾಡಲಿಲ್ಲ. ಮಾಡದೆ ಇರುವುದೇ ಕೆಲಸ, ಹನ್ನೆರಡು ವರ್ಷದ ಹುಡುಗನಿಗೆ ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಬೆಣ್ಣೆ ಗೋಡೆಗುಂಟ ಓಡಿತು, ಬಕೆಟ್ಟಿನ ಹಿಂದೆ ಅಡಗಿತು, ಬಂದು ಅವನ ಕಾಲ್ಬೆರಳು ಮೂಸಿತು. ಎರಡನೇ ಭಾನುವಾರ ಅವನ ಮೊಣಕಾಲ ಮೇಲೆ ಹತ್ತಿತು. ಮೂರನೆಯದರಂದು ನನ್ನನ್ನೇ ಕಚ್ಚಿತು. ತಪ್ಪು ನನ್ನದೇ, ಬೆಣ್ಣೆ ಬಕೆಟ್ಟಿನ ಹಿಂದೆ ಇದ್ದಾಗ ಆತುರಪಟ್ಟು ಕೈ ಹಾಕಿದೆ. ಕೂಗಲಿಲ್ಲ, ಹೊಡೆಯಲಿಲ್ಲ. ಕೆಲವರು ಮೂಗಿಗೆ ಊದು, ತಲೆಗೆ ತಟ್ಟು ಎನ್ನುತ್ತಾರೆ. ಅದರಿಂದ ಹೆದರಿಕೆಗೆ ಇನ್ನೊಂದು ಕಾರಣ ಸೇರುತ್ತದೆ, ಅಷ್ಟೇ. ಗಾಯ ತೊಳೆದುಕೊಂಡು ಬಂದು ಅದೇ ಜಾಗದಲ್ಲಿ ಕೂತೆ, ಮರುವಾರ ಮತ್ತೆ ಚಮಚದಿಂದ ಶುರು ಮಾಡಿದೆವು.

ಸ್ಪರ್ಶಕ್ಕೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ವಿಸ್ಟಾರ್ ಸಂಸ್ಥೆಯಲ್ಲೇ ನಡೆದ ಒಂದು ಹಳೆಯ ಪ್ರಯೋಗ ನನಗೆ ಮರೆಯಲಾಗಿಲ್ಲ. 1920ರ ದಶಕದ ಆರಂಭದಲ್ಲಿ ಫ್ರೆಡರಿಕ್ ಹ್ಯಾಮೆಟ್ ಎಂಬ ಅಂಗಕ್ರಿಯಾತಜ್ಞ ಬಿಳಿ ಇಲಿಗಳ ಥೈರಾಯಿಡ್, ಪ್ಯಾರಾಥೈರಾಯಿಡ್ ಗ್ರಂಥಿಗಳನ್ನು ತೆಗೆಯುತ್ತಿದ್ದರು. ಬರೀ ಕೂಳು ಹಾಕಿ ಗೂಡು ಗುಡಿಸಿದ ಇಲಿಗಳಲ್ಲಿ ನೂರಕ್ಕೆ 79 ಇಲಿಗಳು 48 ಗಂಟೆಯೊಳಗೆ ಸತ್ತವು. ದಿನವೂ ಕೈಯಲ್ಲೆತ್ತಿ ಸವರಿ ಬೆಳೆಸಿದವುಗಳಲ್ಲಿ ಸತ್ತದ್ದು ನೂರಕ್ಕೆ 13. ಪ್ರಾಣಿಗಳ ಕೋಣೆಯ ನಮ್ಮ ಹಿರಿಯರು ಹ್ಯಾಮೆಟ್ ಹೆಸರು ಕೇಳಿದವರಲ್ಲ. ಅವರ ಕೈಗೆ ಅದು ಗೊತ್ತಿತ್ತು.

ಐದನೇ ವಾರ ಬಚ್ಚಲಲ್ಲಿ ಕೂತಿದ್ದಾಗ ಬೆಣ್ಣೆ ಹುಡುಗನ ತೊಡೆಯ ಮೇಲೆ ನಿಂತು ಹಲ್ಲು ಮಸೆಯತೊಡಗಿತು. ಕರಕರ ಎಂಬ ಸಣ್ಣ ಸದ್ದು, ಅದರ ಜೊತೆಗೇ ಕಣ್ಣುಗುಡ್ಡೆಗಳು ಒಳಗೂ ಹೊರಗೂ ನಡುಗಿದವು. ಅಳಿಯ ಬೆಚ್ಚಿದ. ದವಡೆಯ ಸ್ನಾಯು ಕಣ್ಣಿನ ಹಿಂದೆ ಹಾದುಹೋಗುವುದರಿಂದ ಹಲ್ಲು ಮಸೆದಾಗ ಕಣ್ಣೂ ಆಡುತ್ತದೆ. ಕಾಯಿಲೆಯ ಲಕ್ಷಣಗಳಿಲ್ಲದೆ ಮೈ ಸಡಿಲ ಬಿಟ್ಟು ಹೀಗೆ ಮಾಡಿದರೆ ಅದು ನೆಮ್ಮದಿಯ ಗುರುತು, ಬೆಕ್ಕು ಗುರುಗುಟ್ಟಿದ ಹಾಗೆ. ಆಮೇಲೆ ಎತ್ತುವುದನ್ನು ಕಲಿಸಿದೆ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ, ಮೈಗೆ ತಾಗಿಸಿಕೊಂಡು.

ಎಲ್ಲ ಇಲಿಯೂ ಹೀಗೆ ಪಳಗುತ್ತದೆ ಎಂದು ನಾನು ಹೇಳಲಾರೆ. ಹಾರ್ಮೋನಿನ ಉರುಬು ಹೆಚ್ಚಾದ ಗಂಡಿಗೆ ಬೀಜ ತೆಗೆಸುವ ಶಸ್ತ್ರಚಿಕಿತ್ಸೆ ಬಹುಮಟ್ಟಿಗೆ ಫಲ ಕೊಡುತ್ತದೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ಸಣ್ಣ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರೇ ಆಗಬೇಕು. ರಕ್ತದಲ್ಲೇ ಬಂದ ಸ್ವಭಾವವೂ ಇದೆ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ನರಿಗಳನ್ನು ಪಳಗಿಸಿದಂತೆಯೇ 1972ರಿಂದ ಕಾಡು ಇಲಿಗಳ ಒಂದೇ ಗುಂಪಿನಿಂದ ಎರಡು ವಂಶ ಬೆಳೆಸಲಾಯಿತು. ಸಾಧುಗಳೊಡನೆ ಸಾಧುಗಳನ್ನು, ಉಗ್ರರೊಡನೆ ಉಗ್ರರನ್ನು ಕೂಡಿಸುತ್ತ ಹೋದಂತೆ ಒಂದು ವಂಶ ಕೈಯಲ್ಲಿ ಆಡಿತು, ಇನ್ನೊಂದು ಕೈ ಕಂಡರೆ ಎರಗಿತು. ನಿಮ್ಮ ಇಲಿ ಆ ಎರಡನೆಯದರ ಕಡೆಗೆ ವಾಲಿದ್ದರೆ ತಪ್ಪು ನಿಮ್ಮದೂ ಅಲ್ಲ, ಅದರದೂ ಅಲ್ಲ. ದೊಡ್ಡ ಪಂಜರ, ಒಳ್ಳೆಯ ಆಹಾರ, ಪೈಪಿನಲ್ಲಿ ಎತ್ತುವ ರೂಢಿ ಇಟ್ಟುಕೊಂಡು ದೂರದಿಂದಲೇ ಅದನ್ನು ಪ್ರೀತಿಸಬಹುದು. ಮಕ್ಕಳ ಕೈಗೆ ಮಾತ್ರ ಕೊಡಬಾರದು.

ಹೊಳೆಯ ಮಾತು ಭಾವ ಆಮೇಲೆ ಎತ್ತಲಿಲ್ಲ. ಆದರೆ ಹಾಗೆ ಬಿಟ್ಟು ಬರುವವರು ಎಲ್ಲ ಊರಲ್ಲೂ ಇದ್ದಾರೆ, ‘ಅದರ ಪಾಡಿಗೆ ಬದುಕ್ಕೊಳ್ಳಲಿ’ ಎಂಬ ಒಳ್ಳೆಯ ಮನಸ್ಸಿನಿಂದಲೇ. ತುಂಗಭದ್ರೆಯ ದಂಡೆಯಲ್ಲಿ ಮಂದಗಣ್ಣಿನ ಬಿಳಿ ಇಲಿ ಬದುಕುವುದಿಲ್ಲ. ನಾಯಿ, ಹದ್ದು, ಬೆಕ್ಕುಗಳಿಗೆ ಅದು ದೂರದಿಂದಲೇ ಎದ್ದು ಕಾಣುತ್ತದೆ, ಬಿಲ ತೋಡಿ ಬದುಕಿದ ಅನುಭವವೂ ಅದಕ್ಕಿಲ್ಲ. ಸಾಕುಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಅದು ಹೇಳುವ ದಂಡ ಇಂದಿಗೂ 10ರಿಂದ 50 ರೂಪಾಯಿ.

ಸಾಕು ಇಲಿ ಬದುಕುವುದೇ ಎರಡು, ಹೆಚ್ಚೆಂದರೆ ಮೂರು ವರ್ಷ. ನಿಮ್ಮ ಮನೆಯದು ಕಚ್ಚುತ್ತಿದ್ದರೆ, ಬಿಟ್ಟುಬರುವ ಯೋಚನೆಗೆ ಮುಂಚೆ ಅದಕ್ಕೆ ಆರು ವಾರ ಕೊಡಿ. ಪಶುವೈದ್ಯರಿಗೆ ತೋರಿಸಿ, ಬಾಲ ಮುಟ್ಟಬೇಡಿ, ಕಂಬಿಯ ಸಂದಿಯಿಂದ ತಿನ್ನಿಸುವುದನ್ನು ಇವತ್ತೇ ನಿಲ್ಲಿಸಿ, ಸಂಜೆ ಒಂದು ಚಮಚ ಮೊಸರು ಹಿಡಿದು ಅದರ ಎದುರು ಕೂತುಕೊಳ್ಳಿ.